ಬಿಪಿ ಇದೆಯೋ ಇಲ್ವೋ, ಮೈಯನ್ನು ಕೇಳಬೇಡಿ

"ನಂಗೆ ಬಿಪಿ ಜಾಸ್ತಿ ಆದ್ರೆ ಗೊತ್ತಾಗುತ್ತೆ, ಕತ್ತಿನ ಹಿಂದೆ ಹಿಡ್ಕೊಂಡ ಹಾಗಾಗುತ್ತೆ." ಕೊಡಗಿನಲ್ಲಿ ಕುಶಾಲನಗರದಿಂದ ಕುಟ್ಟದವರೆಗೆ ಯಾವ ಊರಿಗೆ ಹೋದರೂ ಈ ಮಾತು ಹೇಳುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕತ್ತು ಹಿಡಿಯುವುದು ನಿಜವೇ. ಆದರೆ ಅದು ಇಡೀ ದಿನ ಕಾಫಿ ಕುಯ್ದು ಬಂದಿದ್ದರಿಂದ ಇರಬಹುದು, ಜೀಪಿನಲ್ಲಿ ತೋಟದ ರಸ್ತೆಯಲ್ಲಿ ಎತ್ತಿ ಹಾಕಿಸಿಕೊಂಡಿದ್ದರಿಂದ ಇರಬಹುದು, ಸುಮ್ನೆ ದಿಂಬು ಸರಿ ಇಲ್ಲದೆಯೂ ಇರಬಹುದು. ಬಿಪಿ 160 ಇರುವ ಹೆಚ್ಚಿನವರಿಗೆ ಕತ್ತೂ ಹಿಡಿಯುವುದಿಲ್ಲ, ತಲೆಯೂ ಸುತ್ತುವುದಿಲ್ಲ. ಬೆಳಿಗ್ಗೆ ಎದ್ದು ಕಾಫಿ ಕುಡಿದು ತೋಟಕ್ಕೆ ಹೋಗುತ್ತಾರೆ. ಏನೂ ಅನ್ನಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ 30ರಿಂದ 79 ವಯಸ್ಸಿನ 130 ಕೋಟಿಗೂ ಜಾಸ್ತಿ ಜನರಿಗೆ ಬಿಪಿ ಇದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ತಮಗೆ ಬಿಪಿ ಇರುವುದೇ ಗೊತ್ತಿಲ್ಲ. ಇದು ಅಜ್ಞಾನದ ಮಾತಲ್ಲ. ಗೊತ್ತಾಗುವಂಥದ್ದು ಮೈಯಲ್ಲಿ ಏನೂ ನಡೆದಿರುವುದಿಲ್ಲ, ಅಷ್ಟೇ.

ಮೈಯನ್ನು ನಂಬುವುದರಿಂದ ಎರಡು ತಪ್ಪಾಗುತ್ತವೆ. ತಲೆನೋವಿಲ್ಲ, ಹಾಗಾಗಿ ಬಿಪಿ ಇಲ್ಲ ಅಂದುಕೊಂಡು ಅಳೆಸುವುದೇ ಇಲ್ಲ. ಅಳೆಸಿ, ಮಾತ್ರೆ ಶುರು ಮಾಡಿದವರು ಈಗ ಆರಾಮಾಗಿದ್ದೇನೆ ಅಂತ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಅಪಾಯದ್ದು. ಇವರಿಗೆ ಕಾಯಿಲೆ ಗೊತ್ತಿತ್ತು, ಔಷಧಿಯೂ ಕೈಯಲ್ಲಿತ್ತು.

ಒತ್ತಡ ಅಂದರೆ ಯಾವುದರ ಒತ್ತಡ?

ಬಿಪಿ ಅಂದರೆ ರಕ್ತದೊತ್ತಡ. ಮನಸ್ಸಿನ ಒತ್ತಡ, ಟೆನ್ಷನ್ ಇದಲ್ಲ. ಹೃದಯ ಒಂದು ಸಲ ಬಡಿದಾಗ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ಬರುತ್ತದೆ. ನಿಮಿಷಕ್ಕೆ ಹೆಚ್ಚುಕಡಿಮೆ 5 ಲೀಟರ್. ಆ ರಕ್ತ ಹರಿಯುವಾಗ ರಕ್ತನಾಳದ ಗೋಡೆಯನ್ನು ಎಷ್ಟು ಜೋರಾಗಿ ಒತ್ತುತ್ತದೆ ಅನ್ನುವುದೇ ಬಿಪಿ.

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವುದನ್ನು ನೋಡಿದ್ದೀರಲ್ವಾ? ಕೆರೆ ದಡದಲ್ಲಿ ಪಂಪ್, ಅಲ್ಲಿಂದ ಪೈಪು, ತುದಿಯಲ್ಲಿ ಜೆಟ್. ಪೈಪು ತಾಳುವುದಕ್ಕಿಂತ ಜಾಸ್ತಿ ಪ್ರೆಷರ್ ಇಟ್ಟು ಓಡಿಸಿದರೆ ಮೊದಲ ದಿನ ಏನೂ ಆಗುವುದಿಲ್ಲ. ನೀರು ಇನ್ನೂ ದೂರ ಹಾರುತ್ತದೆ, ನೋಡಲು ಚೆಂದ. ಒಂದು ದಿನ ಎಲ್ಲೋ ಜಾಯಿಂಟ್ ಬಿಡುತ್ತದೆ, ಇಲ್ಲವೇ ಪಂಪ್ ಬಿಸಿಯಾಗಿ ನಿಲ್ಲುತ್ತದೆ. ಜೆಟ್ ನೋಡುತ್ತಾ ಕೂತವನಿಗೆ ಮುಂಚೆ ಏನೂ ತಿಳಿಯುವುದಿಲ್ಲ. ಗೇಜ್ ನೋಡಿದವನಿಗೆ ತಿಳಿದಿರುತ್ತದೆ.

ಪ್ರೆಷರ್ ಏರಲು ದಾರಿ ಹಲವು. ಒಂದು, ಸಣ್ಣ ರಕ್ತನಾಳಗಳು ಬಿಗಿಯಾಗುವುದು. ಇದರ ಲೆಕ್ಕ ಭಾರಿ ಕಟ್ಟುನಿಟ್ಟು: ನಾಳದ ಅಗಲ ಅರ್ಧಕ್ಕೆ ಇಳಿದರೆ ಹರಿವಿಗೆ ಆಗುವ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಹಾಗಾಗಿಯೇ ನಾಳ ಸ್ವಲ್ಪ ಬಿಗಿಯಾದರೂ ಬಿಪಿ ಏರುತ್ತದೆ, ಸ್ವಲ್ಪ ಸಡಿಲಿಸುವ ಮಾತ್ರೆಯಿಂದ ಚೆನ್ನಾಗಿ ಇಳಿಯುತ್ತದೆ. ಇನ್ನೊಂದು ದಾರಿ ಕಿಡ್ನಿಯದು. ಉಪ್ಪು ಜಾಸ್ತಿಯಾದರೆ ಅದರ ಜೊತೆಗೆ ನೀರೂ ಮೈಯಲ್ಲೇ ಉಳಿಯುತ್ತದೆ, ಹರಿಯುವ ರಕ್ತದ ಪ್ರಮಾಣ ಹೆಚ್ಚುತ್ತದೆ. ಮೂರನೆಯದು ವಯಸ್ಸು. ದೊಡ್ಡ ನಾಳಗಳು ಗಡುಸಾಗುತ್ತವೆ. ಅದಕ್ಕೇ ಅಜ್ಜ ಅಜ್ಜಿಯರಲ್ಲಿ ಮೇಲಿನ ಅಂಕಿ 170, ಕೆಳಗಿನದು ಬರೀ 75 ಅಂತ ಬರುವುದು. "ಕೆಳಗಿಂದು ನಾರ್ಮಲ್ ಇದೆಯಲ್ಲ" ಅಂತ ಬಿಡುವ ಹಾಗಿಲ್ಲ. ಆ ವಯಸ್ಸಿನಲ್ಲಿ ಮೇಲಿನ ಅಂಕಿಯೇ ಮುಖ್ಯ.

ನೂರಕ್ಕೆ ತೊಂಬತ್ತರಷ್ಟು ಜನರಲ್ಲಿ ಇಂಥದ್ದೇ ಒಂದು ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಪ್ಪ ಅಮ್ಮನಿಂದ ಬಂದದ್ದು, ತೂಕ, ಉಪ್ಪು, ಕುಡಿತ, ವಯಸ್ಸು ಎಲ್ಲ ಸೇರಿರುತ್ತದೆ. ಉಳಿದವರಲ್ಲಿ ಕಿಡ್ನಿ, ಥೈರಾಯ್ಡ್, ಅಡ್ರಿನಲ್ ಗ್ರಂಥಿಯ ತೊಂದರೆ ಇರಬಹುದು. 25ನೇ ವಯಸ್ಸಿಗೇ ಬಿಪಿ ಬಂದರೆ, ಮೂರು ಮಾತ್ರೆಗೂ ಬಗ್ಗದಿದ್ದರೆ, ಇದನ್ನು ಹುಡುಕಬೇಕು. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವವರೂ ಡಾಕ್ಟರಿಗೆ ಹೇಳಬೇಕು. ಅದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು, ಗೊರಕೆ ಹೊಡೆಯುವವರು ಯಾವತ್ತೂ ಒಪ್ಪುವುದಿಲ್ಲ.

ವರ್ಷಗಟ್ಟಲೆ ಹೀಗೆ ನಡೆದರೆ ಹೃದಯದ ಗೋಡೆ ದಪ್ಪವಾಗುತ್ತದೆ, ಆಮೇಲೆ ಸೋಲುತ್ತದೆ. ಕಿಡ್ನಿಯ ಜಾಲರಿ ಹಾಳಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ಮೆದುಳಿನ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವ. ಕಣ್ಣಿನ ಹಿಂಭಾಗದ ಪರದೆಯಲ್ಲೂ ಗಾಯವಾಗುತ್ತದೆ. ಅಲ್ಲಿ ಮಾತ್ರ ಡಾಕ್ಟರು ರಕ್ತನಾಳವನ್ನು ನೇರವಾಗಿ ನೋಡಬಹುದು, ಅದಕ್ಕೇ ಕಣ್ಣು ಪರೀಕ್ಷೆಗೆ ಬರೆಯುವುದು. ಒಳ್ಳೆ ಸುದ್ದಿಯೂ ಇದೆ. ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಲಕ್ವದ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಚಿಕಿತ್ಸೆ ಹೆಚ್ಚಿಲ್ಲ.

ಅಂಕಿಗಳ ಲೆಕ್ಕ

ಹೃದಯ ಹಿಂಡಿದಾಗಿನ ಒತ್ತಡ ಮೇಲಿನ ಅಂಕಿ, ಸಡಿಲಗೊಂಡಾಗಿನದು ಕೆಳಗಿನ ಅಂಕಿ. 120/80ರ ಒಳಗಿದ್ದರೆ ಚೆನ್ನ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಿಪಿ ಇದೆ ಅಂತ ನಮ್ಮಲ್ಲಿ ಲೆಕ್ಕ. ಎರಡರಲ್ಲಿ ಒಂದು ಅಂಕಿ ದಾಟಿದರೂ ಸಾಕು. ಮನೆಯಲ್ಲಿ ಅಳೆದರೆ ಗೆರೆ 135/85. ಅಮೆರಿಕದವರು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದರು, ಅದಕ್ಕೇ ವಾಟ್ಸಾಪ್‌ನಲ್ಲಿ ಓದುವುದಕ್ಕೂ ಡಾಕ್ಟರು ಹೇಳುವುದಕ್ಕೂ ತಾಳೆಯಾಗದೆ ಗೊಂದಲವಾಗುವುದು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ನಮ್ಮಲ್ಲೂ 130ರ ಒಳಗೆ ತರಲು ನೋಡುತ್ತಾರೆ. ನಡುವೆ ಇರುವವರು, ಅಂದರೆ 120ರಿಂದ 139, ಮಾತ್ರೆ ಬೇಡದಿದ್ದರೂ ಅಳೆಸುತ್ತಾ ಇರಬೇಕು.

ಆದರೆ ಅಂಕಿಯನ್ನು ನಂಬಬೇಕಾದರೆ ಅಳೆಯುವುದು ಸರಿ ಇರಬೇಕು. ಎಡವಟ್ಟಾಗುವುದು ಇಲ್ಲೇ.

ಸೋಮವಾರಪೇಟೆ ಕಡೆ ನನ್ನ ಸೋದರಮಾವ ಒಬ್ಬರಿದ್ದಾರೆ, ಮಿಲಿಟರಿಯಿಂದ ನಿವೃತ್ತರಾದವರು. ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಸ್ವೆಟರ್ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಯಾರ ಜೊತೆಗೋ ಕರಿಮೆಣಸಿನ ರೇಟಿನ ಜಗಳ ನಡೆಸುತ್ತಾ ಬಿಪಿ ಅಳೆಯುತ್ತಿದ್ದರು. 164 ಬಂತು.

"ಈ ಮೆಷಿನ್ ಸರಿ ಇಲ್ಲ ಕಣೋ."

"ಮಾವ, ಕಾಫಿ ಕುಡಿದು ಎಷ್ಟೊತ್ತಾಯ್ತು?"

"ಲೋಟ ಇಲ್ಲೇ ಇದೆಯಲ್ಲ, ಕಾಣ್ತಿಲ್ವಾ?"

ಅರ್ಧ ಗಂಟೆ ಬಿಟ್ಟೆವು. ಬಚ್ಚಲಿಗೆ ಹೋಗಿ ಬನ್ನಿ ಅಂದೆ. ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ, ಸ್ವೆಟರ್ ತೆಗೆದು ಬರಿ ತೋಳಿಗೆ ಪಟ್ಟಿ, ಮೊಣಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಐದು ನಿಮಿಷ ಮಾತಿಲ್ಲದೆ ಕೂರಿಸಿದ್ದೇ ದೊಡ್ಡ ಕೆಲಸ. ಈಗ 146 ಬಂತು. ಒಂದು ನಿಮಿಷ ಬಿಟ್ಟು ಮತ್ತೊಂದು ಸಲ, 144. ಮೆಷಿನ್ ಸರಿಯಾಗೇ ಇತ್ತು. ಕಾಫಿ, ಮಾತು, ಕೂತ ರೀತಿ ಸೇರಿ ಸುಮಾರು 20 ಅಂಕಿ ಏರಿಸಿದ್ದವು. ಅವನ್ನೆಲ್ಲ ಕಳೆದ ಮೇಲೂ ಉಳಿದದ್ದು ನಿಜವಾದ ಬಿಪಿ, ಅದು ಗೆರೆಯ ಮೇಲೇ ಇತ್ತು. ಮಾವನಿಗೆ ಮೊದಲಿನ ಅರ್ಧ ಮಾತ್ರ ಇಷ್ಟವಾಯಿತು.

ತೋಳು ಜೋತು ಬಿದ್ದಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಮನೆಗೆ ಮೆಷಿನ್ ತರುವುದಾದರೆ ಮಣಿಕಟ್ಟಿನದು ಬೇಡ, ತೋಳಿಗೆ ಕಟ್ಟುವುದು ತನ್ನಿ. ಒಮ್ಮೆ ಆಸ್ಪತ್ರೆಗೆ ಒಯ್ದು ಅವರ ಮೆಷಿನ್ ಜೊತೆ ತಾಳೆ ನೋಡಿ. ಮೊದಲ ಸಲ ಎರಡೂ ತೋಳಿನಲ್ಲಿ ಅಳೆದು, ಜಾಸ್ತಿ ಬಂದ ತೋಳಿನಲ್ಲೇ ಮುಂದೆ ಅಳೆಯಬೇಕು. ಡಾಕ್ಟರ ಮುಂದೆ ಮಾತ್ರ ಬಿಪಿ ಏರುವವರಿದ್ದಾರೆ. ಅಲ್ಲಿ ಸರಿ ಇದ್ದು ಮನೆಯಲ್ಲಿ ಏರುವವರೂ ಇದ್ದಾರೆ. ಒಂದು ವಾರ ಬೆಳಿಗ್ಗೆ ಎರಡು, ಸಂಜೆ ಎರಡು ಸಲ ಅಳೆದು ಬರೆದುಕೊಂಡ ಚೀಟಿ ಡಾಕ್ಟರಿಗೆ ಕೊಟ್ಟರೆ ಇಬ್ಬರದೂ ಬಯಲಾಗುತ್ತದೆ. ಹಾಗಂತ ಗಂಟೆಗೊಮ್ಮೆ ಅಳೆಯುತ್ತಾ ಕೂತರೆ ಆ ಚಿಂತೆಗೇ ಬಿಪಿ ಏರುತ್ತದೆ.

ಮೆಷಿನ್ ಇಲ್ಲದವರು ಏನು ಮಾಡುವುದು? 30 ದಾಟಿದವರಿಗೆಲ್ಲ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆ, ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ಇದಕ್ಕೆಂದೇ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ ಇದೆ. ತೋಟದ ಲೈನ್ ಮನೆಗಳಲ್ಲಿ ಇರುವವರಿಗೆ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ತೋಟದ ಮಾಲೀಕರು ಆಶಾ ಕಾರ್ಯಕರ್ತೆಯರ ಜೊತೆ ಮಾತಾಡಿ ಸಂಬಳದ ದಿನ ಕಣದಲ್ಲೇ ಅಳೆಸುವ ಏರ್ಪಾಡು ಮಾಡಿದರೆ ಇದು ಸುಲಭವಾಗಿ ಬಗೆಹರಿಯುತ್ತದೆ.

ಉಪ್ಪು, ಅದರಲ್ಲೂ ಮಳೆಗಾಲದ ಉಪ್ಪು

ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಸಣ್ಣ ಚಮಚ. ಅಡುಗೆಯದ್ದು, ಉಪ್ಪಿನಕಾಯಿಯದ್ದು, ಬೇಕರಿಯದ್ದು ಎಲ್ಲ ಸೇರಿ. ನಮ್ಮ ದೇಶದಲ್ಲಿ ಜನ ಇದಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತಾರೆ.

ಕೊಡಗಿನಲ್ಲಿ ಇದಕ್ಕೊಂದು ಕಾಲ ಇದೆ. ಜೂನ್ ಬಂದರೆ ಹೊರಗೆ ಕಾಲಿಡಲು ಆಗುವುದಿಲ್ಲ, ತರಕಾರಿ ಕಮ್ಮಿ, ಸಂತೆಗೆ ಹೋಗುವುದೂ ಕಷ್ಟ. ಆಗ ಒಣಮೀನು, ಒಣ ಸೀಗಡಿ, ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿ, ಕಣಿಲೆ, ಹಲಸಿನ ಸೊಳೆ ಹೊರಗೆ ಬರುತ್ತವೆ. ಕಡಂಬುಟ್ಟು (ಅಕ್ಕಿ ಕಡುಬು), ಗಂಜಿಗೆ ಅವೇ ರುಚಿ. ಅದೇ ಹೊತ್ತಿಗೆ ಚಳಿ. ಚಳಿಗೆ ಚರ್ಮದ ನಾಳಗಳು ಬಿಗಿಯಾಗುವುದರಿಂದ ಬಿಪಿ ತಾನಾಗೇ ಸ್ವಲ್ಪ ಏರುತ್ತದೆ. ನಡಿಗೆ ನಿಂತಿರುತ್ತದೆ. ಮೈ ಬೆಚ್ಚಗಾಗಲಿ ಅಂತ ಸಂಜೆ ಒಂದು ಪೆಗ್ ಎರಡಾಗುತ್ತದೆ. ಮರ ಬಿದ್ದು, ಗುಡ್ಡ ಜರಿದು ರಸ್ತೆ ಬಂದ್ ಆದಾಗ ಮಾತ್ರೆಯೂ ಮುಗಿದಿರುತ್ತದೆ. ಇವೆಲ್ಲ ಒಟ್ಟಿಗೇ ಬರುವುದರಿಂದ ಬಿಪಿ ಇರುವವರು ನಮ್ಮಲ್ಲಿ ಬೇಸಿಗೆಗಿಂತ ಮಳೆಗಾಲಕ್ಕೆ ಹೆದರಬೇಕು. ಮೇ ಕೊನೆಯಲ್ಲೇ ಡಾಕ್ಟರಿಗೆ ತೋರಿಸಿ, ಎರಡು ತಿಂಗಳ ಮಾತ್ರೆ ಕೇಳಿ ತೇವ ತಾಗದ ಡಬ್ಬಿಯಲ್ಲಿಟ್ಟುಕೊಳ್ಳಿ.

ಒಣಮೀನು ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಬಿಸಿನೀರಲ್ಲಿ ನೆನೆಸಿ ಎರಡು ಮೂರು ಸಲ ನೀರು ಚೆಲ್ಲಿದರೆ ಉಪ್ಪು ಎಷ್ಟೋ ಇಳಿಯುತ್ತದೆ. ಆಮೇಲೆ ಆ ಸಾರಿಗೆ ಬೇರೆ ಉಪ್ಪು ಹಾಕಬೇಡಿ. ಉಪ್ಪುನೀರಿನ ಮಾವಿನಕಾಯಿಯನ್ನೂ ಹಾಗೇ ನೆನೆಸಿ ತೆಗೆಯಬಹುದು. ನಮ್ಮ ಅಡುಗೆಗೆ ಒಂದು ಅನುಕೂಲವಿದೆ, ಕಾಚಂಪುಳಿ ಅನ್ನುವ ಕಪ್ಪು ಹುಳಿ. ಹುಳಿ ಚೆನ್ನಾಗಿದ್ದರೆ ಉಪ್ಪು ಕಮ್ಮಿಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಪಂದಿ ಕರಿಗೆ ಹುರಿದ ಮಸಾಲೆ, ಕರಿಮೆಣಸು, ಕಾಚಂಪುಳಿ ಸರಿಯಾಗಿ ಬಿದ್ದರೆ ಉಪ್ಪನ್ನು ಮೂರನೇ ಒಂದು ಭಾಗ ಇಳಿಸಿ ನೋಡಿ. ಕೊಬ್ಬಿನ ವಿಷಯ ಬೇರೆ, ಅದನ್ನು ಕಾಚಂಪುಳಿ ಕರಗಿಸುತ್ತದೆ ಅನ್ನುವ ಮಾತನ್ನು ನಂಬಿ ಇನ್ನೊಂದು ಸೌಟು ಹಾಕಿಸಿಕೊಳ್ಳಬೇಡಿ. ನಾಲಿಗೆ ಕಮ್ಮಿ ಉಪ್ಪಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು.

ಪ್ಯಾಕೆಟ್ ತಿಂಡಿಯ ಹಿಂದೆ ಉಪ್ಪು ಅಂತ ಬರೆದಿರುವುದಿಲ್ಲ, ಸೋಡಿಯಂ ಅಂತ ಇರುತ್ತದೆ. ಅದನ್ನು 2.5ರಿಂದ ಗುಣಿಸಿ. 100 ಗ್ರಾಂ ಮಿಕ್ಸ್ಚರ್‌ನಲ್ಲಿ ಸೋಡಿಯಂ 800 ಮಿಲಿಗ್ರಾಂ ಅಂದರೆ 2 ಗ್ರಾಂ ಉಪ್ಪು. ಸಂಜೆ ಟಿವಿ ಮುಂದೆ ಆ ಪ್ಯಾಕೆಟ್ ಖಾಲಿ ಮಾಡಿದರೆ ದಿನದ ಪಾಲಿನ ಐದರಲ್ಲಿ ಎರಡು ಭಾಗ ಅಲ್ಲೇ ಮುಗಿಯಿತು.

ಇಂದುಪ್ಪು, ಕಲ್ಲುಪ್ಪು ಬಳಸಿದರೆ ಬಿಪಿ ಬರುವುದಿಲ್ಲ ಅನ್ನುವುದು ತಪ್ಪು. ಅವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಕಮ್ಮಿ ಸೋಡಿಯಂ ಇರುವ ಉಪ್ಪು ಬೇರೆ, ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ, 2021ರಲ್ಲಿ ಹೊರಬಂದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಿಗೆ ಲಕ್ವ ಶೇ 14ರಷ್ಟು ಕಮ್ಮಿ ಆಗಿತ್ತು. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಕುತ್ತು ಬರಬಹುದು.

ಕಾಫಿ, ರಮ್, ಮದ್ದುಸೊಪ್ಪು

ಕಾಫಿ ಬಿಡಬೇಕಾ? ಕೊಡಗಿನಲ್ಲಿ ಇದನ್ನು ಕೇಳಲು ಜನರಿಗೆ ಧೈರ್ಯವೇ ಇಲ್ಲ. ಕಾಫಿ ಕುಡಿದ ಮೇಲೆ ಒಂದೆರಡು ಗಂಟೆ ಬಿಪಿ ಸ್ವಲ್ಪ ಏರುವುದು ಹೌದು. ದಿನಾ ಕುಡಿಯುವವರ ಮೈ ಅದಕ್ಕೆ ಒಗ್ಗಿರುತ್ತದೆ. ದಿನಕ್ಕೆ ಎರಡು ಮೂರು ಲೋಟಕ್ಕೆ ಹೆಚ್ಚಿನ ಡಾಕ್ಟರು ಬೇಡ ಅನ್ನುವುದಿಲ್ಲ. ಬಿಪಿ ತೀರಾ ಜಾಸ್ತಿ ಇರುವವರು ಮಾತ್ರ ಇಳಿಸಬೇಕು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು, ಅದು ನೆನಪಿರಲಿ.

ಹೆಂಡದ ವಿಷಯದಲ್ಲಿ ಇಷ್ಟು ಮೆತ್ತಗೆ ಮಾತಾಡಲಾಗದು. ದಿನಾ ಕುಡಿದರೆ ಬಿಪಿ ಏರುತ್ತದೆ, ಬಿಟ್ಟರೆ ಅಥವಾ ಇಳಿಸಿದರೆ ಇಳಿಯುತ್ತದೆ. ಕ್ಯಾಂಟೀನ್ ರಮ್ ಆಗಲಿ, ಮನೆಯಲ್ಲಿ ಮಾಡಿದ ವೈನ್ ಆಗಲಿ, ಮೈಗೆ ಎರಡೂ ಒಂದೇ. ಕೈಲ್‌ಪೊಳ್ದ್, ಪುತ್ತರಿ ಹಬ್ಬದ ದಿನದ ಮಾತು ಬೇರೆ, ನಾನು ಹೇಳುತ್ತಿರುವುದು ದಿನದ ಸಂಜೆಯ ಮಾತು. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಡಾಕ್ಟರ ಸಹಾಯ ಬೇಕು.

ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದುಸೊಪ್ಪಿನ ಪಾಯಸ ಮಾಡಿ ತಿನ್ನುತ್ತೇವೆ. ನೇರಳೆ ಬಣ್ಣ, ಅದರದ್ದೇ ಘಮ. ವರ್ಷಕ್ಕೊಮ್ಮೆ ಖುಷಿಯಾಗಿ ತಿನ್ನಿ. ಆದರೆ ಅದು ಬಿಪಿ ಮಾತ್ರೆಯ ಬದಲಿಗೆ ಅಲ್ಲ. ಕೆಮ್ಮಿಗೆ ಅಂತ ತಿಂಗಳುಗಟ್ಟಲೆ ಜೇಷ್ಠಮಧು ಅಗಿಯುವವರು ಒಂದು ತಿಳಿದಿರಬೇಕು. ಅದು ಬಿಪಿಯನ್ನು ಏರಿಸುತ್ತದೆ.

ನಡಿಗೆ ವಾರಕ್ಕೆ 150 ನಿಮಿಷ, ತೂಕ ಒಂದು ಕಿಲೋ ಇಳಿದರೆ ಮೇಲಿನ ಅಂಕಿ ಸುಮಾರು ಒಂದು ಇಳಿಯುತ್ತದೆ. ತಂಬಾಕು ಬಿಡಬೇಕು. ಇವು ಎಲ್ಲರಿಗೂ ಗೊತ್ತಿರುವ ಮಾತೇ.

ಮಾತ್ರೆಯ ಬಗ್ಗೆ

ಮಾತ್ರೆಗಳು ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ. ಆಮ್ಲೋಡಿಪಿನ್ ನಾಳಗಳನ್ನು ಸಡಿಲಿಸುತ್ತದೆ. ಟೆಲ್ಮಿಸಾರ್ಟನ್ ನಾಳ ಬಿಗಿಗೊಳಿಸುವ ಹಾರ್ಮೋನಿನ ಕೆಲಸಕ್ಕೆ ತಡೆ ಹಾಕುತ್ತದೆ. ಕ್ಲೋರ್ಥಾಲಿಡೋನ್ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹಾಗಾಗಿ ಎರಡು ಮಾತ್ರೆ ಬರೆದರೆ ಕಾಯಿಲೆ ಎರಡರಷ್ಟಾಯಿತು ಅಂತಲ್ಲ. ಎರಡು ದಾರಿಯಿಂದ ಸ್ವಲ್ಪ ಸ್ವಲ್ಪ ಇಳಿಸುವುದು ಒಂದನ್ನೇ ಜಾಸ್ತಿ ಕೊಡುವುದಕ್ಕಿಂತ ಮೇಲು. ಪೂರ್ತಿ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೂರು ದಿನಕ್ಕೆ ಡಾಕ್ಟರನ್ನು ಬದಲಾಯಿಸಬೇಡಿ.

ಪಕ್ಕದ ಮನೆಯವರ ಮಾತ್ರೆ ನಿಮಗಾಗದು. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯದರಿಂದ ಒಣಕೆಮ್ಮು ಬರಬಹುದು, ಮಳೆಗಾಲದ ಕೆಮ್ಮು ಅಂದುಕೊಂಡು ತಿಂಗಳುಗಟ್ಟಲೆ ಸಿರಪ್ ಕುಡಿಯುವುದುಂಟು. ಹೀಗಾದರೆ ಮಾತ್ರೆ ಬಿಡಬೇಡಿ, ಬದಲಾಯಿಸಿ ಅಂತ ಕೇಳಿ. ಜನೌಷಧಿ ಅಂಗಡಿಯಲ್ಲಿ ಇದೇ ಔಷಧಿಗಳು ಕಮ್ಮಿ ಬೆಲೆಗೆ ಸಿಗುತ್ತವೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

"ಈಗ 128 ಇದೆ, ಇನ್ಯಾಕೆ ಮಾತ್ರೆ?" ಅನ್ನುವ ಪ್ರಶ್ನೆಗೆ ಉತ್ತರ ನೇರ: 128 ಇರುವುದು ಮಾತ್ರೆಯಿಂದ. ತೂಕ ಇಳಿಸಿ, ಉಪ್ಪು, ಕುಡಿತ ಕಮ್ಮಿ ಮಾಡಿದವರಿಗೆ ಡೋಸ್ ಇಳಿಸುವುದುಂಟು, ಕೆಲವರಿಗೆ ನಿಲ್ಲಿಸುವುದೂ ಉಂಟು. ಅದನ್ನು ಡಾಕ್ಟರು ಅಂಕಿ ನೋಡುತ್ತಾ ಮಾಡಬೇಕು.

ಕಾಫಿ ಕುಯ್ಲಿನ ಸಮಯದಲ್ಲಿ ಸೊಂಟನೋವಿಗೆ ಮೆಡಿಕಲ್‌ನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಎರಡನ್ನೂ ನುಂಗುತ್ತಾ "ಎಷ್ಟು ಮಾತ್ರೆ ತಗೊಂಡ್ರೂ ಇಳಿಯಲ್ಲ" ಅನ್ನುವವರು ಎಷ್ಟೋ ಜನ. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಪೊಟ್ಯಾಸಿಯಂ, ಮೂತ್ರದ ಪ್ರೋಟೀನ್, ಶುಗರ್, ಇಸಿಜಿ ನೋಡಿಸಬೇಕು.

ಬಸುರಿಯರದು ಬೇರೆ ಲೆಕ್ಕ. 20 ವಾರ ದಾಟಿದ ಮೇಲೆ ಬಿಪಿ 140/90 ಆದರೆ, ತಲೆನೋವು, ಕಣ್ಣು ಮಂಜು, ಮುಖದ ಊತ ಬಂದರೆ ತಾಯಿ ಕಾರ್ಡ್ ಹಿಡಿದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಟೆಲ್ಮಿಸಾರ್ಟನ್, ಎನಾಲಾಪ್ರಿಲ್ ಬಸುರಿನಲ್ಲಿ ಮಗುವಿಗೆ ಅಪಾಯ. ಮಗು ಬೇಕು ಅಂತ ಯೋಚಿಸುವಾಗಲೇ ಡಾಕ್ಟರಿಗೆ ಹೇಳಿ ಮಾತ್ರೆ ಬದಲಾಯಿಸಿಕೊಳ್ಳಬೇಕು.

ತುರ್ತು ಯಾವಾಗ?

180/120 ದಾಟಿದ್ದು ಕಂಡರೆ, ಬೇರೆ ಏನೂ ತೊಂದರೆ ಇಲ್ಲದಿದ್ದರೆ, ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರನ್ನು ನೋಡಿ. ಆದರೆ ಎದೆನೋವು, ಏದುಸಿರು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಕಾಣದಿರುವುದು, ಇವುಗಳಲ್ಲಿ ಒಂದಿದ್ದರೂ ಮತ್ತೆ ಅಳೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ನಾಲಿಗೆ ಕೆಳಗೆ ಯಾವ ಮಾತ್ರೆಯನ್ನೂ ಇಟ್ಟು ಬಿಪಿ ತಟ್ಟನೆ ಇಳಿಸಲು ಹೋಗಬೇಡಿ, ಮೆದುಳಿಗೆ ರಕ್ತ ಸಾಲದೆ ಇನ್ನೂ ಕೆಡುತ್ತದೆ. ಮುಖ ಸೊಟ್ಟಗಾದವರ ಬಾಯಿಗೆ ನೀರು, ಕಾಫಿ ಕೂಡ ಹಾಕಬಾರದು, ನುಂಗಲಾಗದೆ ಶ್ವಾಸಕೋಶಕ್ಕೆ ಹೋಗುತ್ತದೆ.

ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಶುರುವಾದ ನಾಲ್ಕೂವರೆ ಗಂಟೆ ಒಳಗೆ, ತಲೆಯ ಸಿಟಿ ಸ್ಕ್ಯಾನ್ ಆದ ಮೇಲೆ ಕೊಡಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಾಪೋಕ್ಲು, ಭಾಗಮಂಡಲ ಕಡೆಯವರಿಗೆ ಮಡಿಕೇರಿಗೆ ಬರುವುದೇ ಇನ್ನೊಂದು ಪ್ರಯಾಣ. ಹಾಗಾಗಿ ನಿಮ್ಮೂರಿಗೆ ಹತ್ತಿರದಲ್ಲಿ ಸ್ಕ್ಯಾನ್, ಇಂಜೆಕ್ಷನ್ ಎರಡೂ ಇರುವ ಆಸ್ಪತ್ರೆ ಯಾವುದು, ರಾತ್ರಿ ಹೊತ್ತು ಅಲ್ಲಿ ಯಾರಿರುತ್ತಾರೆ ಅಂತ ಈಗಲೇ ವಿಚಾರಿಸಿ, ನಂಬರ್ ಸಮೇತ ಗೋಡೆಗೆ ಅಂಟಿಸಿಡಿ. ಹೊರಡುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನು ಜೊತೆಗೆ ಒಯ್ಯಿರಿ. ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನೂ ಬರೆದುಕೊಳ್ಳಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.